ಮಾತೃಮಂದಿರ ಮತ್ತು ಆರೋವಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಂಡಿಚೇರಿಗೆ ಹೋದವರ ಫೋಟೋಗಳಲ್ಲಿ ಒಂದು ಚಿನ್ನದ ಗೋಳ ಇದ್ದೇ ಇರುತ್ತದೆ. ಅದರ ಮುಂದೆ ನಿಂತು ನಗುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದೇನು ಅಂತ ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದು ತಪ್ಪೂ ಅಲ್ಲ, ಏಕೆಂದರೆ ಅಲ್ಲಿ ವಿವರಿಸಿ ಹೇಳುವವರು ಕಡಿಮೆ. ಕಲೆ, ವಾಸ್ತುಶಿಲ್ಪ, ಅಧ್ಯಾತ್ಮ, ಮನುಷ್ಯನ ಮುಂದಿನ ದಿನಗಳು ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಇಡಲು ಹೊರಟ ಜಾಗ ಅದು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಆ ಗೋಳ ದೇವಸ್ಥಾನವಾ?

ಅಲ್ಲ. ಅದರ ಹೆಸರು ಮಾತೃಮಂದಿರ, ಪಾಂಡಿಚೇರಿ ಹತ್ತಿರದ ಆರೋವಿಲ್ ಅನ್ನುವ ಊರಿನ ನಡುವೆ ಇದೆ. ಒಳಗೆ ವಿಗ್ರಹ ಇಲ್ಲ, ಪೂಜೆ ಇಲ್ಲ, ಅರ್ಚಕರಿಲ್ಲ. ಹೂವು, ಊದುಬತ್ತಿ, ಭಜನೆ, ಪ್ರವಚನ ಯಾವುದೂ ಇಲ್ಲ. ಯಾರೂ ಕಣ್ಣು ಮುಚ್ಚಿಸಿ, ಉಸಿರು ಎಳೆಸಿ ಧ್ಯಾನ ಹೇಳಿಕೊಡುವುದಿಲ್ಲ. ಹೋಗಿ ಸುಮ್ನೆ ಕೂರಬೇಕು, ಅಷ್ಟೇ. ಒಂದು ಮಾತೂ ಆಡುವಂತಿಲ್ಲ.

ಗೋಳದ ಅಗಲ ಸುಮಾರು 36 ಮೀಟರ್, ಎತ್ತರ ಸುಮಾರು 29 ಮೀಟರ್. ಅಂದರೆ ಪೂರ್ತಿ ಗುಂಡಗಿಲ್ಲ, ಮೇಲೆ ಕೆಳಗೆ ಸ್ವಲ್ಪ ಒತ್ತಿದ ಹಾಗಿದೆ. ಸುತ್ತಲೂ ನೆಲದಿಂದ ಏರಿ ಬರುವ ಕೆಂಪು ಕಲ್ಲಿನ 12 ದಳಗಳಿವೆ. ನೆಲ ಒಡೆದು ಗೋಳ ಮೇಲೆ ಬರುತ್ತಿದೆ ಅನ್ನಿಸಬೇಕು ಎಂಬುದು ವಿನ್ಯಾಸದ ಉದ್ದೇಶ. ಪ್ರತಿ ದಳದ ಒಳಗೂ ಒಂದು ಚಿಕ್ಕ ಕೋಣೆ, ಒಂದೊಂದಕ್ಕೂ ಒಂದು ಬಣ್ಣ, ಒಂದು ಗುಣದ ಹೆಸರು: ಪ್ರಾಮಾಣಿಕತೆ, ವಿನಯ, ಕೃತಜ್ಞತೆ, ಧೈರ್ಯ, ಔದಾರ್ಯ, ಸಮತೆ, ಶಾಂತಿ ಹೀಗೆ. ದೇವರ ಹೆಸರಿನ ಗುಡಿಗಳ ಬದಲು ಗುಣಗಳ ಹೆಸರಿನ ಕೋಣೆಗಳು. ನನಗೆ ಇಡೀ ಕಟ್ಟಡದಲ್ಲಿ ಜಾಸ್ತಿ ಇಷ್ಟವಾದ ಯೋಚನೆ ಇದೇ. ಫೋಟೋಗಳಲ್ಲಿ ಮಾತ್ರ ಈ ಕೋಣೆಗಳು ಬರುವುದೇ ಇಲ್ಲ.

ಇದನ್ನು ಯೋಚಿಸಿದವರು ಯಾರು?

ಮೀರಾ ಅಲ್ಫಾಸಾ. ಯೋಗಿ, ಚಿಂತಕ ಶ್ರೀ ಅರವಿಂದರ ಪಾಂಡಿಚೇರಿ ಆಶ್ರಮದವರು 'ಶ್ರೀಮಾತೆ' ಅನ್ನುವುದು ಇವರನ್ನೇ. 1878ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಅವರು ಆಶ್ರಮ ನಡೆಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅವರು ಚಿತ್ರಕಲಾವಿದೆ ಆಗಿದ್ದರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತವರು. ಮದುವೆಯಾಗಿದ್ದು ಆನ್ರಿ ಮೊರಿಸೆ ಎಂಬ ಚಿತ್ರಕಾರನನ್ನು. 1903, 1904, 1905ರಲ್ಲಿ ಅಲ್ಲಿನ ದೊಡ್ಡ ವಾರ್ಷಿಕ ಪ್ರದರ್ಶನದಲ್ಲಿ ಅವರ ಚಿತ್ರಗಳು ಇದ್ದವು. 1914ರಲ್ಲಿ ಮೊದಲ ಸಲ ಪಾಂಡಿಚೇರಿಗೆ ಬಂದರು. ನಡುವೆ ಕೆಲವು ವರ್ಷ ಜಪಾನಿನಲ್ಲಿದ್ದರು. 1920ರಲ್ಲಿ ಮರಳಿ ಬಂದವರು ಆಮೇಲೆ ಇಲ್ಲಿಯೇ ಉಳಿದರು.

ಮಾತೃಮಂದಿರ ನೋಡುವಾಗ ಇದು ನೆನಪಿದ್ದರೆ ಒಳ್ಳೆಯದು. ಬೆಳಕು ಎಲ್ಲಿಂದ ಬರಬೇಕು, ಎಲ್ಲಿ ಬೀಳಬೇಕು, ಗೋಡೆಗೆ ಯಾವ ಬಣ್ಣ ಬೇಡ ಅಂತ ಅಷ್ಟು ಖಚಿತವಾಗಿ ಹೇಳುವುದು ಬರೀ ಗುರುವಿನ ಕೆಲಸ ಅಲ್ಲ. ಕುಂಚ ಹಿಡಿದ ಕೈಗೆ ಅದು ಗೊತ್ತಿರುತ್ತದೆ.

ಇದರಲ್ಲಿ ಮನುಷ್ಯನ ಭವಿಷ್ಯದ ಮಾತು ಎಲ್ಲಿಂದ ಬಂತು?

ಅರವಿಂದರಿಂದ. ಅವರ ಚಿಂತನೆಯ ನಡುಗಂಬ ಇದು: ವಿಕಾಸ ಮನುಷ್ಯನಲ್ಲಿಗೆ ಬಂದು ನಿಂತಿಲ್ಲ. ಕಲ್ಲಿನಿಂದ ಗಿಡ, ಗಿಡದಿಂದ ಪ್ರಾಣಿ, ಪ್ರಾಣಿಯಿಂದ ಮನಸ್ಸಿರುವ ಮನುಷ್ಯ. ಇವನೂ ದಾರಿಯ ನಡುವಿನ ಒಂದು ನಿಲ್ದಾಣ. ಮನಸ್ಸಿಗೂ ಮೇಲಿನ ಒಂದು ಪ್ರಜ್ಞೆ ಇದೆ, ಅದು ಇದೇ ಭೂಮಿಯ ಮೇಲೆ, ಇದೇ ದೇಹದಲ್ಲಿ ಇಳಿಯಬೇಕು ಅನ್ನುತ್ತಾರೆ. ಅದನ್ನು ಅವರು ಅತಿಮಾನಸ ಅಂತ ಕರೆದರು.

ನಮ್ಮಲ್ಲಿ ಅಧ್ಯಾತ್ಮ ಅಂದರೆ ಲೋಕ ಬಿಡುವುದು ಅಂತ ಅಂದುಕೊಂಡವರು ಜಾಸ್ತಿ. ಅರವಿಂದರು ಲೋಕ ಬಿಡುವ ಮಾತೇ ಬೇಡ, ಲೋಕವೇ ಬದಲಾಗಬೇಕು ಅಂದರು. ಹಾಗಿದ್ದ ಮೇಲೆ ಮನೆ, ರಸ್ತೆ, ಅಡುಗೆಮನೆ, ಶಾಲೆ, ಕೆಲಸದ ರೀತಿ ಎಲ್ಲವೂ ಸಾಧನೆಯ ವಸ್ತುವೇ ಆಗುತ್ತದೆ. ಆಶ್ರಮದ ಪಕ್ಕದಲ್ಲಿ ಒಂದು ನಗರ ಬೇಕು ಅಂತ ಶ್ರೀಮಾತೆಗೆ ಅನ್ನಿಸಿದ್ದು ಈ ದಾರಿಯಲ್ಲಿ. ಅರವಿಂದರು ಆಗ ಇರಲಿಲ್ಲ, 1950ರಲ್ಲೇ ತೀರಿಕೊಂಡಿದ್ದರು.

ಈ ಸಿದ್ಧಾಂತವನ್ನು ನೀವು ಒಪ್ಪಬೇಕಿಲ್ಲ. ಆದರೆ ಅದು ಗೊತ್ತಿಲ್ಲದೆ ಕಟ್ಟಡ ಅರ್ಥವಾಗುವುದು ಕಷ್ಟ.

ಆರೋವಿಲ್ ಶುರುವಾಗಿದ್ದು ಯಾವಾಗ, ಹೇಗೆ?

1968ರ ಫೆಬ್ರವರಿ 28ರಂದು. ಪಾಂಡಿಚೇರಿಯಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ, ಮಣ್ಣು ಕೊಚ್ಚಿ ಹೋಗಿ ಬೋಳಾದ ಕೆಂಪು ದಿಬ್ಬದ ಮೇಲೆ. ನೆರಳಿಗೆ ಅಂತ ಇದ್ದದ್ದು ಮುಖ್ಯವಾಗಿ ಒಂದು ಆಲದ ಮರ. ಅದನ್ನೇ ಊರಿನ ನಡುವಿನ ಗುರುತಾಗಿ ಇಟ್ಟುಕೊಂಡರು. ಈಗಲೂ ಅದು ಮಾತೃಮಂದಿರದ ಪಕ್ಕದಲ್ಲೇ ಬಿಳಲು ಬಿಟ್ಟುಕೊಂಡು ನಿಂತಿದೆ.

ಆ ದಿನ 124 ದೇಶಗಳಿಂದ ಮತ್ತು ಭಾರತದ ರಾಜ್ಯಗಳಿಂದ ತಂದ ಒಂದೊಂದು ಹಿಡಿ ಮಣ್ಣನ್ನು ತಾವರೆ ಮೊಗ್ಗಿನ ಆಕಾರದ ಒಂದು ಅಮೃತಶಿಲೆಯ ಕಲಶಕ್ಕೆ ಹಾಕಿದರು. ಶ್ರೀಮಾತೆಗೆ ಆಗ 90 ವರ್ಷ. ಅವರು ಪಾಂಡಿಚೇರಿಯ ತಮ್ಮ ಕೋಣೆಯಲ್ಲೇ ಇದ್ದು, ಊರಿನ ಗುರಿ ಹೇಳುವ ಸನ್ನದನ್ನು ಫ್ರೆಂಚ್‌ನಲ್ಲಿ ಓದಿದರು. ಆಕಾಶವಾಣಿಯ ಮೂಲಕ ಆ ದನಿ ಬಯಲಿನಲ್ಲಿ ಕೇಳಿಸಿತು. ಸನ್ನದಿನಲ್ಲಿ ನಾಲ್ಕೇ ಅಂಶ. ಈ ಊರು ಯಾರೊಬ್ಬರದೂ ಅಲ್ಲ, ಇಡೀ ಮನುಕುಲದ್ದು. ಇಲ್ಲಿ ಕಲಿಕೆಗೆ ಕೊನೆ ಇಲ್ಲ. ಇದು ಹಿಂದಿನದಕ್ಕೂ ಮುಂದಿನದಕ್ಕೂ ನಡುವಿನ ಸೇತುವೆ. ಮನುಷ್ಯರ ಒಗ್ಗಟ್ಟನ್ನು ಬದುಕಿ ತೋರಿಸಲು ಬೇಕಾದ ಹುಡುಕಾಟ ಇಲ್ಲಿ ನಡೆಯಬೇಕು.

ಗೋಳದ ಒಳಗೆ ಏನಿದೆ?

ಹೊರಗಿನ ಚಿನ್ನ ನೋಡಿ ಒಳಗೂ ವೈಭವ ಇರಬಹುದು ಅಂದುಕೊಂಡರೆ ನಿರಾಸೆ ಆಗುತ್ತದೆ. ಬಾಗಿಲಲ್ಲಿ ಬಿಳಿ ಕಾಲುಚೀಲ ಕೊಡುತ್ತಾರೆ. ಒಳಗೆ ತಿಳಿ ಕೇಸರಿ ಬಣ್ಣದ ಮಂದ ಬೆಳಕು. ಸುರುಳಿಯಾಗಿ ಮೇಲೇರುವ ಇಳಿಜಾರು ದಾರಿ. ಮೆಟ್ಟಿಲು ಹತ್ತುವಾಗಿನ ಏದುಸಿರು ಇಲ್ಲ. ನಡೆಯುತ್ತಾ ನಡೆಯುತ್ತಾ ಜನ ತಾವಾಗಿಯೇ ನಿಧಾನ ಆಗುತ್ತಾರೆ.

ಮೇಲೆ ಒಳಕೋಣೆ. 24 ಮೀಟರ್ ಅಗಲ. ಗೋಡೆಗೆ ಬಿಳಿ ಅಮೃತಶಿಲೆ, ನೆಲಕ್ಕೆ ಬಿಳಿ ಹಾಸು. 12 ಬಿಳಿ ಕಂಬಗಳಿವೆ. ವಿಚಿತ್ರ ಅಂದರೆ ಆ ಕಂಬಗಳು ಚಾವಣಿಯನ್ನು ಮುಟ್ಟುವುದಿಲ್ಲ. ಭಾರ ಹೊರುವ ಕೆಲಸ ಅವಕ್ಕಿಲ್ಲ, ಸುಮ್ನೆ ನಿಂತಿವೆ. ನಡುವೆ 70 ಸೆಂಟಿಮೀಟರ್ ಅಗಲದ ಒಂದು ಗಾಜಿನ ಗೋಳ. ಜರ್ಮನಿಯ ಜೈಸ್ ಕಂಪನಿ ಮಾಡಿದ್ದು, 1991ರಲ್ಲಿ ಬಂತು. ಸ್ಫಟಿಕ ಅಂತ ಎಲ್ಲರೂ ಕರೆಯುತ್ತಾರೆ. ವಾಸ್ತವದಲ್ಲಿ ಅದು ಕಲ್ಲಲ್ಲ, ಮಸೂರಕ್ಕೆ ಬಳಸುವಂಥ ಶುದ್ಧ ಗಾಜು.

ಮೇಲಿನಿಂದ ಸೂರ್ಯನ ಒಂದೇ ಒಂದು ಕಿರಣ ಆ ಗೋಳದ ಮೇಲೆ ಬೀಳುತ್ತದೆ. ಬೇರೆ ದೀಪ ಇಲ್ಲ, ಕಿಟಕಿ ಇಲ್ಲ. ಕೋಣೆಯಲ್ಲಿ ಕಣ್ಣಿಗೆ ಸಿಗುವುದು ಅದೊಂದೇ. ಗೋಳವನ್ನು ದಾಟಿದ ಬೆಳಕು ಇನ್ನೂ ಕೆಳಗಿಳಿಯುತ್ತದೆ. ಕಟ್ಟಡದ ಅಡಿಯಲ್ಲಿ ಬಿಳಿ ಕಲ್ಲಿನ ದಳಗಳ ಒಂದು ತಾವರೆ ಕೊಳ ಇದೆ, ಅದರ ನಡುವಿನ ಚಿಕ್ಕ ಗಾಜಿನ ಗುಂಡಿನವರೆಗೆ ಆ ಬೆಳಕಿನ ದಾರಿ.

ಈ ಕೋಣೆಯನ್ನು ಶ್ರೀಮಾತೆ 1970ರ ಜನವರಿಯಲ್ಲಿ ಬಾಯಿಮಾತಿನಲ್ಲಿ ವರ್ಣಿಸಿದರು. ಕಂಬ ಎಷ್ಟು, ಅಗಲ ಎಷ್ಟು, ಬೆಳಕು ಯಾವ ಕಡೆಯಿಂದ ಅನ್ನುವವರೆಗೆ. ಅದನ್ನು ಆಧರಿಸಿ ನಕ್ಷೆ ಬರೆದರು. ಹೊರಗಿನ ಗೋಳದ ಆಕಾರ ವಾಸ್ತುಶಿಲ್ಪಿ ರೋಜೆ ಆಂಜೆ ಅವರದ್ದು.

ಸೂರ್ಯ ಚಲಿಸುತ್ತಾನೆ, ಕಿರಣ ಮಾತ್ರ ಯಾವಾಗಲೂ ಅಲ್ಲೇ ಹೇಗೆ ಬೀಳುತ್ತದೆ?

ತಾರಸಿಯ ಮೇಲೆ ಒಂದು ತಿರುಗುವ ಕನ್ನಡಿ ಇದೆ. ಅದನ್ನು ಹೀಲಿಯೋಸ್ಟ್ಯಾಟ್ ಅನ್ನುತ್ತಾರೆ. ಕಂಪ್ಯೂಟರ್ ಲೆಕ್ಕದ ಪ್ರಕಾರ ಅದು ಬೆಳಗಿನಿಂದ ಸಂಜೆವರೆಗೆ ಸೂರ್ಯನನ್ನು ಹಿಂಬಾಲಿಸುತ್ತದೆ. ಬೆಳಕನ್ನು ನೇರ ಕೆಳಗೆ ಕಳಿಸುತ್ತದೆ. ಮೋಡ ಕವಿದಾಗ, ಕತ್ತಲಾದಾಗ ದೀಪದ ಬೆಳಕನ್ನು ಅದೇ ದಾರಿಯಲ್ಲಿ ಬಿಡುತ್ತಾರೆ.

ಕನ್ನಡಿಗರಿಗೆ ಇಲ್ಲಿ ಎರಡು ಜಾಗ ನೆನಪಾಗಬೇಕು. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಶೃಂಗೇರಿಯ ವಿದ್ಯಾಶಂಕರ ದೇಗುಲದಲ್ಲಿ 12 ರಾಶಿ ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಎಳೆಬಿಸಿಲು ಬೀಳುತ್ತದೆ ಅಂತ ಹೇಳುತ್ತಾರೆ. ಇವುಗಳಿಂದ ಮಾತೃಮಂದಿರ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ವ್ಯತ್ಯಾಸ ನೋಡಿ. ನಮ್ಮ ಹಳೆಯ ಶಿಲ್ಪಿಗಳು ಸೂರ್ಯನಿಗಾಗಿ ಕಾದರು. ವರ್ಷಕ್ಕೊಂದು ಗಳಿಗೆ ಸಿಕ್ಕರೆ ಅದೇ ಹಬ್ಬ. ಇಲ್ಲಿ ಯಂತ್ರ ಇಟ್ಟು ಪ್ರತಿ ಗಳಿಗೆಯನ್ನೂ ಸಂಕ್ರಾಂತಿ ಮಾಡಿದ್ದಾರೆ. ಯಾವುದು ಹೆಚ್ಚು ಅಂದರೆ ನಾನು ಗವಿಪುರದ ಕಡೆ ವಾಲುತ್ತೇನೆ. ಕಾಯುವುದರಲ್ಲೇ ಒಂದು ರುಚಿ ಇದೆ ಅಲ್ವಾ?

ಅಷ್ಟೊಂದು ಚಿನ್ನ ಯಾಕೆ? ಎಲ್ಲವೂ ಗಟ್ಟಿ ಚಿನ್ನವಾ?

ಗಟ್ಟಿ ಚಿನ್ನ ಅಲ್ಲ. ಹೊರಮೈಯಲ್ಲಿ ಇರುವುದು ಸುಮಾರು 1,400 ತಟ್ಟೆಗಳು. ಕೆಲವು ಉಬ್ಬು, ಕೆಲವು ತಗ್ಗು. ತಟ್ಟೆ ಸ್ಟೇನ್‌ಲೆಸ್ ಸ್ಟೀಲಿನದು. ಅದರ ಮೇಲೆ ಸಣ್ಣ ಸಣ್ಣ ಗಾಜಿನ ಬಿಲ್ಲೆಗಳು. ತೆಳುವಾದ ಚಿನ್ನದ ರೇಕು ಆ ಗಾಜಿನ ನಡುವೆ ಕೂತಿದೆ. ಹಾಗಾಗಿ ಕಡಲ ಗಾಳಿಯ ಉಪ್ಪಿಗೂ ಮಳೆಗೂ ಅದು ಮಾಸುವುದಿಲ್ಲ.

ಯಾಕೆ ಅನ್ನುವುದಕ್ಕೆ ಅಲ್ಲಿನವರ ಉತ್ತರ, ಚಿನ್ನ ಅತಿಮಾನಸದ ಬಣ್ಣ. ನನಗೆ ಹೊರಗಿನ ಹೊಳಪು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಒಳಗಿನ ಕೋಣೆಯ ಸಂಯಮ ಹೊರಗೆ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾದಾಗ ಮಾತ್ರ ಆ ತಟ್ಟೆಗಳು ಬೇರೆ ಬೇರೆ ಹೊತ್ತಿಗೆ ಹೊತ್ತಿಕೊಂಡು ಆರುತ್ತವೆ. ಆಗ ದೂರು ಹೇಳಲು ಮನಸ್ಸು ಬರುವುದಿಲ್ಲ.

ಕಟ್ಟಲು ಅಷ್ಟು ವರ್ಷ ಯಾಕೆ ಹಿಡಿಯಿತು?

1971ರ ಫೆಬ್ರವರಿ 21ರ ಸೂರ್ಯೋದಯಕ್ಕೆ ಅಡಿಗಲ್ಲು. ಮುಗಿದದ್ದು 2008ರಲ್ಲಿ. 37 ವರ್ಷ. ಕಾರಣ ಒಂದೆರಡಲ್ಲ. ಹಣ ಬರುತ್ತಿದ್ದದ್ದು ದೇಣಿಗೆಯಿಂದ, ಅದೂ ಬಿಟ್ಟು ಬಿಟ್ಟು. ಅಗೆತದಿಂದ ಕಾಂಕ್ರೀಟ್ ಸುರಿಯುವವರೆಗೆ ಹೆಚ್ಚಿನದು ಕೈಕೆಲಸ. ಯುರೋಪಿನಿಂದ ಬಂದ ಹುಡುಗ ಹುಡುಗಿಯರು ಮತ್ತು ಸುತ್ತಲಿನ ಹಳ್ಳಿಗಳ ತಮಿಳು ಕೆಲಸಗಾರರು ಸೇರಿ ಮಾಡಿದ್ದು. ಗೋಳವನ್ನು ನಾಲ್ಕು ದೊಡ್ಡ ಕಂಬಗಳು ಹೊತ್ತಿವೆ. ಅವಕ್ಕೆ ಮಹೇಶ್ವರಿ, ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿ ಅಂತ ಹೆಸರು. ಕೆಲಸ ಶುರುವಾಗಿ ಮೂರು ವರ್ಷ ಆಗುವ ಮೊದಲೇ, 1973ರ ನವೆಂಬರ್ 17ರಂದು ಶ್ರೀಮಾತೆ ತೀರಿಕೊಂಡರು.

ಆಮೇಲೆ ಜಗಳ. ಊರಿನ ಒಡೆತನ, ಹಣದ ಹಿಡಿತ ಯಾರದ್ದು ಅಂತ ನಿವಾಸಿಗಳಿಗೂ ಪಾಂಡಿಚೇರಿಯ ಶ್ರೀ ಅರವಿಂದ ಸೊಸೈಟಿಗೂ ನಡುವೆ ವರ್ಷಗಟ್ಟಲೆ ಎಳೆದಾಟ ನಡೆಯಿತು. ಮನುಷ್ಯರ ಒಗ್ಗಟ್ಟಿಗೆ ಅಂತ ಕಟ್ಟಿದ ಊರಿನಲ್ಲಿ ಹದಿಮೂರು ವರ್ಷದೊಳಗೆ ಸರ್ಕಾರ ನಡುವೆ ಬರುವ ಹಾಗಾಯಿತು. 1980ರಲ್ಲಿ ತುರ್ತು ಕಾನೂನು, 1988ರಲ್ಲಿ ಊರಿನ ಆಸ್ತಿ, ಆಡಳಿತ ನೋಡಿಕೊಳ್ಳುವ ಆರೋವಿಲ್ ಫೌಂಡೇಶನ್‌ಗಾಗಿ ಒಂದು ಕಾಯ್ದೆ.

ಇದು ಒಂದು ಹೊಸ ಧರ್ಮವಾ? ಪಂಥವಾ?

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಸರ್ಕಾರ ಆಡಳಿತ ವಹಿಸಿಕೊಂಡಾಗ, ಇದು ಧಾರ್ಮಿಕ ಸಂಸ್ಥೆ, ನೀವು ಕೈ ಹಾಕುವಂತಿಲ್ಲ ಅನ್ನುವ ವಾದ ಬಂತು. 1982ರಲ್ಲಿ ಕೋರ್ಟಿನ ಬಹುಮತದ ತೀರ್ಪು, ಅರವಿಂದರ ಬೋಧನೆ ತತ್ವಜ್ಞಾನ, ಧರ್ಮವಲ್ಲ ಎಂದಿತು. ಶ್ರೀಮಾತೆಯೂ ಧರ್ಮ ಬೇಡ ಅಂದವರೇ.

ಹಾಗಂತ ಭಕ್ತಿ ಇಲ್ಲ ಅಂದುಕೊಳ್ಳಬೇಡಿ. ಅವರ ಮಾತನ್ನು ಶಾಸ್ತ್ರದ ಹಾಗೆ ಎತ್ತಿ ಹೇಳುವವರು ಅಲ್ಲಿ ಧಾರಾಳವಾಗಿ ಸಿಗುತ್ತಾರೆ. ಸ್ಥಾವರ ಬೇಡ ಅಂದವರ ಹೆಸರಿನಲ್ಲೇ ಊರೂರಿಗೆ ಪ್ರತಿಮೆ ನಿಲ್ಲಿಸಿದ ನಾಡು ನಮ್ಮದು. ನಮಗೆ ಇದು ಆಶ್ಚರ್ಯ ಆಗಬಾರದು.

ಗ್ಯಾಲಕ್ಸಿ ನಕ್ಷೆ ಅಂದರೆ ಏನು?

ರೋಜೆ ಆಂಜೆ ಫ್ರಾನ್ಸಿನವರು. ಗ್ರನೋಬಲ್ ಊರಿನಲ್ಲಿ ಮೂರು ಎತ್ತರದ ವಸತಿ ಗೋಪುರ ಕಟ್ಟಿ ಹೆಸರಾಗಿದ್ದರು. ಆರೋವಿಲ್‌ಗೆ ಅವರು ಬರೆದ ನಕ್ಷೆ ಸುತ್ತುವ ನಕ್ಷತ್ರಪುಂಜದ ಹಾಗಿದೆ. ನಡುವೆ ಮಾತೃಮಂದಿರ, ತೋಟಗಳು, ಒಂದು ಕೆರೆ. ಅಲ್ಲಿಂದ ಸುರುಳಿಯಾಗಿ ಹೊರಗೆ ಚಾಚುವ ನಾಲ್ಕು ವಲಯ: ವಸತಿ, ಕೈಗಾರಿಕೆ, ಸಂಸ್ಕೃತಿ, ಅಂತರರಾಷ್ಟ್ರೀಯ. ಹೊರಗೆ ಹಸಿರು ಪಟ್ಟಿ. ಬಾಗುತ್ತಾ ಏರುವ ಉದ್ದನೆಯ ಬಹುಮಹಡಿ ಕಟ್ಟಡಗಳನ್ನೂ ಬರೆದಿದ್ದರು. ಗುರಿ 50,000 ಜನ.

ಕಾಗದದ ಮೇಲೆ ನೋಡಿದರೆ ಬೆರಗಾಗುತ್ತದೆ. 1960ರ ದಶಕದ ಧೈರ್ಯ ಅದರಲ್ಲಿದೆ. ಬಾಹ್ಯಾಕಾಶದ ಕಾಲ, ಕಾಂಕ್ರೀಟಿನ ಕಾಲ, ಎಲ್ಲವನ್ನೂ ಹೊಸದಾಗಿ ಶುರುಮಾಡಬಹುದು ಅನ್ನುವ ಕಾಲ. ಆದರೆ ಅದು ಮೇಲಿನಿಂದ ನೋಡಲು ಚಂದ ಇರುವ ಊರು. ನಾವು ಯಾರೂ ಊರನ್ನು ಮೇಲಿನಿಂದ ನೋಡಿಕೊಂಡು ಬದುಕುವುದಿಲ್ಲ.

50,000 ಜನ ಬಂದರಾ?

ಇಲ್ಲ. ಅರ್ಧ ಶತಮಾನ ದಾಟಿದ ಮೇಲೂ ಸುಮಾರು 3,300 ಜನ ಇದ್ದಾರೆ, ಅರವತ್ತರ ಆಸುಪಾಸು ದೇಶಗಳವರು. ಭಾರತೀಯರೇ ದೊಡ್ಡ ಗುಂಪು, ಆಮೇಲೆ ಫ್ರೆಂಚರು, ಜರ್ಮನರು. ಮನೆ ಕಟ್ಟಿದರೂ ಅದು ನಿಮ್ಮ ಹೆಸರಿಗೆ ಆಗುವುದಿಲ್ಲ, ಫೌಂಡೇಶನ್‌ನದು. ಮಾರುವಂತಿಲ್ಲ, ಮಕ್ಕಳಿಗೆ ಬಿಡುವಂತಿಲ್ಲ. ಸಿಗುವ ಭತ್ಯೆ ಸಣ್ಣದು. ಇದನ್ನು ಒಪ್ಪಿ ಬರುವವರು ಎಷ್ಟು ಮಂದಿ ಇರುತ್ತಾರೆ ಹೇಳಿ.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ತಮಿಳರು ದಿನಾ ಅಲ್ಲಿಗೆ ಕೂಲಿಗೆ, ಕೆಲಸಕ್ಕೆ ಬರುತ್ತಾರೆ. ಊರು ನಡೆಯುವುದೇ ಅವರಿಂದ. ಸಂಜೆ ಮನೆಗೆ ಹೋಗುತ್ತಾರೆ. ಮನುಕುಲದ ಊರು ಅನ್ನುವ ಮಾತಿಗೆ ಈ ಸೈಕಲ್ಲು, ಮೊಪೆಡ್ಡುಗಳ ಸಾಲು ಒಂದು ಪ್ರಶ್ನೆ ಹಾಕುತ್ತದೆ. ಅಲ್ಲಿನ ಶಾಲೆ, ಆರೋಗ್ಯ ಕೇಂದ್ರ, ತರಬೇತಿಗಳಿಂದ ಆ ಹಳ್ಳಿಗಳಿಗೆ ಉಪಕಾರ ಆಗಿರುವುದೂ ನಿಜ. ಎರಡೂ ನಿಜ.

ಕಾಡು ಅಲ್ಲಿ ಮೊದಲಿನಿಂದಲೂ ಇತ್ತಾ?

ಇರಲಿಲ್ಲ, ಮಾಡಿದ್ದು. ನಕ್ಷೆಯಲ್ಲಿ ಬರೆದ ಊರು ಏಳುವ ಮೊದಲೇ ನೆಲ ಕಾಡಾಯಿತು. ಮೊದಲು ಬಂದವರು ನೋಡಿದ್ದು ಮಳೆನೀರಿನ ಜೊತೆ ಸಮುದ್ರಕ್ಕೆ ಹರಿದುಹೋಗುವ ಕೆಂಪು ಮಣ್ಣು. ಮನೆ ಕಟ್ಟುವ ಮೊದಲು ನೆಲ ನಿಲ್ಲಿಸಬೇಕು ಅಂತ ಅವರಿಗೆ ಅರ್ಥವಾಯಿತು. ಬದು ಹಾಕಿದರು, ಸಣ್ಣ ಒಡ್ಡು ಕಟ್ಟಿದರು, ಲಕ್ಷಾಂತರ ಗಿಡ ನೆಟ್ಟರು. ಮೊದಮೊದಲು ಬಿಸಿಲಿಗೆ ಜಗ್ಗದ ಅಕೇಶಿಯಾ. ಈ ಹೆಸರು ಕೇಳಿದರೆ ನಮ್ಮ ಮಲೆನಾಡಿನವರು ಮುಖ ಸಿಂಡರಿಸುತ್ತಾರೆ, ಗೊತ್ತು. ಇದ್ದ ಕಾಡು ಕಡಿದು ಅಕೇಶಿಯಾ ಹಾಕುವುದು ಬೇರೆ, ಬೋಳು ನೆಲಕ್ಕೆ ಮೊದಲ ನೆರಳು ಕೊಡಲು ಹಾಕುವುದು ಬೇರೆ. ಆ ನೆರಳಿನಲ್ಲಿ ಅವರು ಆ ಕರಾವಳಿಯದೇ ಆದ ಒಣ ನಿತ್ಯಹರಿದ್ವರ್ಣ ಕಾಡಿನ ಗಿಡಗಳನ್ನು ಹುಡುಕಿ ತಂದು ಬೆಳೆಸಿದರು. 2011ರ ಡಿಸೆಂಬರಿನ ಥಾನೆ ಚಂಡಮಾರುತದಲ್ಲಿ ಮರಗಳು ಲೆಕ್ಕವಿಲ್ಲದಷ್ಟು ಬಿದ್ದವು. ಅಕೇಶಿಯಾ ಅಂತೂ ಸಾಲುಸಾಲಾಗಿ ಮಲಗಿತು.

ಆರೋವಿಲ್‌ನ ದೊಡ್ಡ ಕಲಾಕೃತಿ ಯಾವುದು ಅಂತ ನನ್ನನ್ನು ಕೇಳಿದರೆ ನಾನು ಈ ಕಾಡನ್ನೇ ತೋರಿಸುತ್ತೇನೆ. ಇದಕ್ಕೆ ಒಬ್ಬ ವಾಸ್ತುಶಿಲ್ಪಿಯ ಸಹಿ ಇಲ್ಲ.

ಮರ ಕಡಿದ ಗಲಾಟೆ ಏನು?

ಮೇಲಿನ ಎರಡು ಉತ್ತರಗಳು ಡಿಕ್ಕಿ ಹೊಡೆದ ಜಾಗ ಅದು. ನಕ್ಷೆಯಲ್ಲಿ ಊರಿನೊಳಗೆ ನಾಲ್ಕೂ ವಲಯಗಳನ್ನು ಹಾಯುವ ಒಂದು ವರ್ತುಲ ರಸ್ತೆ ಇದೆ, ಕ್ರೌನ್ ರಸ್ತೆ ಅಂತ. ನಕ್ಷೆ ಬರೆದಾಗ ಆ ಜಾಗ ಬಯಲು. ರಸ್ತೆ ಮಾಡಲು ಹೊರಟಾಗ ಅಲ್ಲಿ ದೊಡ್ಡ ಮರಗಳಿದ್ದವು. 2021ರ ಡಿಸೆಂಬರಿನಲ್ಲಿ ಜೆಸಿಬಿಗಳು ಬಂದವು. ನಿವಾಸಿಗಳಲ್ಲಿ ಒಂದು ಗುಂಪು ಅಡ್ಡ ನಿಂತಿತು. ಇನ್ನೊಂದು ಗುಂಪು ಶ್ರೀಮಾತೆ ಒಪ್ಪಿದ ನಕ್ಷೆಯನ್ನು ಐವತ್ತು ವರ್ಷ ಆದರೂ ಮುಗಿಸಿಲ್ಲ, ಇನ್ನೆಷ್ಟು ಕಾಯುವುದು ಎಂದಿತು. 2022ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ, ಪರಿಸರ ಅನುಮತಿ ತೆಗೆದುಕೊಳ್ಳದೆ ಮುಂದುವರಿಯಬೇಡಿ ಎಂದಿತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಕಾನೂನಿನ ಮಾತು ಕೋರ್ಟಿಗಿರಲಿ. ವಿನ್ಯಾಸದ ಮಾತು ನನಗೆ ಹೀಗೆ ಕಾಣುತ್ತದೆ. ಕಲಿಕೆಗೆ ಕೊನೆಯಿಲ್ಲ ಅಂತ ಸನ್ನದಿನಲ್ಲಿ ಬರೆದ ಮೇಲೆ 1968ರ ನಕ್ಷೆಯ ಗೆರೆಯೂ ಕಲಿಯಬೇಕು. ಮರ ಇರುವ ಕಡೆ ರಸ್ತೆ ಸ್ವಲ್ಪ ಬಾಗಿದರೆ ನಕ್ಷತ್ರಪುಂಜಕ್ಕೆ ಏನೂ ಆಗುವುದಿಲ್ಲ.

ಮಾತೃಮಂದಿರ ಬಿಟ್ಟು ವಿನ್ಯಾಸದವರು ನೋಡಬೇಕಾದ್ದು ಏನಿದೆ?

ಬೇಕಾದಷ್ಟಿದೆ. ಮೊದಲನೆಯದು ಆರೋವಿಲ್‌ನಲ್ಲೇ ಇಲ್ಲ, ಪಾಂಡಿಚೇರಿ ಊರೊಳಗಿದೆ: ಗೋಲ್ಕೊಂಡ. ಆಶ್ರಮದ ವಸತಿಗೃಹ. 1937ರಲ್ಲಿ ಕೆಲಸ ಶುರುವಾಯಿತು. ಭಾರತದಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ಮೊದಮೊದಲ ಆಧುನಿಕ ಕಟ್ಟಡಗಳಲ್ಲಿ ಒಂದು, ಚಂಡೀಗಢಕ್ಕಿಂತ ಎಷ್ಟೋ ಮೊದಲಿನದು. ವಿನ್ಯಾಸ ಆಂಟೋನಿನ್ ರೇಮಂಡ್ ಅವರದು. ಕೆಲಸದ ಜಾಗದಲ್ಲಿ ನಿಂತವರು ಜಾರ್ಜ್ ನಾಕಶಿಮಾ, ಮುಂದೆ ಅಮೆರಿಕದಲ್ಲಿ ಮರಗೆಲಸಕ್ಕೆ ಹೆಸರಾದವರು. ಕಟ್ಟುತ್ತಾ ಕಟ್ಟುತ್ತಾ ಅವರೇ ಆಶ್ರಮವಾಸಿ ಆಗಿಬಿಟ್ಟರು. ಸುಂದರಾನಂದ ಅಂತ ಹೆಸರೂ ಸಿಕ್ಕಿತು.

ಆ ಕಟ್ಟಡಕ್ಕೆ ಕಿಟಕಿಯೇ ಇಲ್ಲ. ಇಡೀ ಗೋಡೆಯೇ ತಿರುಗಿಸಬಹುದಾದ ಅಡ್ಡಪಟ್ಟಿಗಳು. ಗಾಳಿ ಬೇಕಾದರೆ ತೆರೆ, ಮಳೆ ಬಂದರೆ ಮುಚ್ಚು. ಫ್ಯಾನಿಲ್ಲದೆ ತಂಪು. ಹಿಡಿಕೆ, ಚಿಲಕಗಳಿಗೆ ಹಿತ್ತಾಳೆ ಪಾತ್ರೆಗಳನ್ನು ಕರಗಿಸಿದರು. ಹಣ ಬಂದಿದ್ದು ಹೈದರಾಬಾದ್ ನಿಜಾಮರ ಕಡೆಯಿಂದ, ದಿವಾನ್ ಅಕ್ಬರ್ ಹೈದರಿ ಅವರ ಮೂಲಕ. ಹೆಸರು ಗೋಲ್ಕೊಂಡ ಆಗಿದ್ದು ಅದಕ್ಕೇ. ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ನಿಜಾಮರ ಕೈಯಲ್ಲೇ ಇದ್ದವು. ಆ ಕಾಂಕ್ರೀಟಿನಲ್ಲಿ ನಮ್ಮ ಕಡೆಯ ಕಂದಾಯವೂ ಒಂದಿಷ್ಟು ಸೇರಿರಬಹುದು ಅಂತ ತಮಾಷೆಗೆ ಹೇಳಿಕೊಳ್ಳಬಹುದು. ಒಳಗೆ ಜನ ವಾಸ ಇದ್ದಾರೆ, ಎಲ್ಲರನ್ನೂ ಬಿಡುವುದಿಲ್ಲ.

ಆರೋವಿಲ್‌ನೊಳಗೆ ಸೋಲಾರ್ ಕಿಚನ್ ನೋಡಿ. ತಾರಸಿಯ ಮೇಲೆ 15 ಮೀಟರ್ ಅಗಲದ, ಕನ್ನಡಿ ಅಂಟಿಸಿದ ಬೋಗುಣಿ. ಬೋಗುಣಿ ಅಲುಗಾಡುವುದಿಲ್ಲ. ಬೆಳಕು ಒಟ್ಟಾಗುವ ಜಾಗಕ್ಕೆ ಬಾಯ್ಲರೇ ಸರಿಯುತ್ತದೆ. ಆ ಹಬೆಯಲ್ಲಿ ಅನ್ನ, ಸಾಂಬಾರು. ವಾಸ್ತುಶಿಲ್ಪಿ ಅನುಪಮಾ ಕುಂಡೂ ಅವರ ವಾಲ್ ಹೌಸ್ ಎಂಬ ಮನೆ ಕೂಡ ಇಲ್ಲೇ ಇದೆ. 2012ರ ವೆನಿಸ್ ಬಿಯೆನ್ನಾಲೆ ಎಂಬ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಅದರ ಪೂರ್ಣ ಅಳತೆಯ ಪ್ರತಿಯನ್ನು ಕಟ್ಟಿ ತೋರಿಸಿದ್ದರು.

ಮಣ್ಣಿನ ಕೆಲಸ ಕಲಿಯುವವರಿಗೆ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್ ಇದೆ. ಮಣ್ಣಿಗೆ ಸುಮಾರು ನೂರಕ್ಕೆ ಐದು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಮಾಡುವ ಇಟ್ಟಿಗೆ ಅಲ್ಲಿನ ವಿಶೇಷ. ಅದರಲ್ಲೇ ಕಮಾನು, ಗುಮ್ಮಟ ಎಬ್ಬಿಸುತ್ತಾರೆ. ಬೆಂಗಳೂರಿನವರು ಇದಕ್ಕಾಗಿ ಅಲ್ಲಿಯವರೆಗೆ ಹೋಗಲೇಬೇಕು ಅಂತೇನಿಲ್ಲ. 1974ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಕೇಂದ್ರ 'ಅಸ್ತ್ರ'ದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದೇ ಬಗೆಯ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅಂಥ ಮನೆಗಳು ಬೆಂಗಳೂರಿನ ಬಡಾವಣೆಗಳಲ್ಲಿ ಸಾಕಷ್ಟಿವೆ.

ಕನ್ನಡಕ್ಕೂ ಈ ಚಿಂತನೆಗೂ ಏನಾದರೂ ನಂಟಿದೆಯಾ?

ಗಟ್ಟಿಯಾದ ನಂಟೇ ಇದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಕವಿ ಮಧುರಚೆನ್ನರು ಪಾಂಡಿಚೇರಿಗೆ ಹೋಗಿ ಅರವಿಂದರ ದರ್ಶನ ಪಡೆದವರು. ಜನಪದ ಹಾಡು ಹುಡುಕುತ್ತಿದ್ದ ಹಳ್ಳಿಯ ಗೆಳೆಯರ ಗುಂಪಿಗೆ ಆ ದಾರಿ ತೆರೆದದ್ದು ಈಗ ಯೋಚಿಸಿದರೂ ಆಶ್ಚರ್ಯ. ಬೇಂದ್ರೆ, ವಿ.ಕೃ. ಗೋಕಾಕ್ ಇಬ್ಬರ ಮೇಲೂ ಅರವಿಂದರ ಪ್ರಭಾವ ಇದೆ. ಕುವೆಂಪು ಅವರ ಕಾವ್ಯದಲ್ಲೂ ವಿಕಾಸದ ಈ ಮಾತು ಕೇಳಿಸುತ್ತದೆ. ಕಟ್ಟಡವಾಗಿ ಅಲ್ಲ, ಕವಿತೆಯಾಗಿ ಅದು ನಮ್ಮಲ್ಲಿಗೆ ಬಂತು.

ಬೇರೆ ದೇಶಗಳಲ್ಲಿ ಇಂಥದ್ದು ಇದೆಯಾ?

ಇದೆ. ಮಾತೃಮಂದಿರಕ್ಕೆ ಅಡಿಗಲ್ಲು ಬಿದ್ದ ಅದೇ 1971ರ ಫೆಬ್ರವರಿಯಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ರಾತ್‌ಕೋ ಚಾಪೆಲ್ ಎಂಬ ಪ್ರಾರ್ಥನಾ ಮಂದಿರ ತೆರೆಯಿತು. ಅಲ್ಲಿಯೂ ಯಾವ ಧರ್ಮದ ಗುರುತೂ ಇಲ್ಲ, ಮಾರ್ಕ್ ರಾತ್‌ಕೋ ಬರೆದ 14 ದೊಡ್ಡ ಕಡುಬಣ್ಣದ ಚಿತ್ರಗಳಿವೆ. ಇಲ್ಲಿ ಬಿಳುಪು, ಅಲ್ಲಿ ಕಪ್ಪು. ಊರು ಕಟ್ಟುವ ಆಸೆಗೆ ಜೊತೆಗಾರ ಅಂದರೆ ಅರಿಜೋನಾದ ಆರ್ಕೊಸಾಂಟಿ. ಪಾಲೊ ಸೊಲೇರಿ 1970ರಲ್ಲಿ ಶುರುಮಾಡಿದ್ದು. 5,000 ಜನರಿಗೆ ಅಂತ ಯೋಚಿಸಿದ್ದರು. ಇರುವವರು ಕೆಲವೇ ಕೆಲವರು.

ಹತ್ತಿರದಲ್ಲೇ ಹಳೆಯ ಉದಾಹರಣೆ ಬೇಕಾದರೆ ಪಾಂಡಿಚೇರಿಯಿಂದ ದಕ್ಷಿಣಕ್ಕೆ ಚಿದಂಬರದ ಶಿವ ದೇಗುಲ. ಪರದೆ ಸರಿಸಿದರೆ ಖಾಲಿ ಜಾಗ. ಶೂನ್ಯಕ್ಕೆ ಗುಡಿ ಕಟ್ಟುವುದು ಈ ಕರಾವಳಿಗೆ ಹೊಸದಲ್ಲ.

ಎಐ, ರೋಬೋಗಳ ಕಾಲದಲ್ಲಿ ಈ ಭವಿಷ್ಯ ಹಳೆಯದಾಗಲಿಲ್ಲವಾ?

2019ರಲ್ಲಿ ಕ್ಯೋಟೋದ ಕೊಡೈಜಿ ದೇಗುಲದಲ್ಲಿ ಮಿಂಡರ್ ಅನ್ನುವ ರೋಬೋ ಬೌದ್ಧ ಪ್ರವಚನ ಶುರುಮಾಡಿತು. ಅಲ್ಯೂಮಿನಿಯಂ ಮೈ, ಸಿಲಿಕೋನ್ ಮುಖ. ಮುಂದಿನ ಮನುಷ್ಯ ಅಂದ ತಕ್ಷಣ ಈಗ ನಮಗೆ ಬರುವುದು ಇಂಥ ಚಿತ್ರವೇ: ಕಂಪ್ಯೂಟರ್ ಚಿಪ್, ಯಂತ್ರದ ಕೈ, ಸಾಯದ ದೇಹ. ಅರವಿಂದರ ಮುಂದಿನ ಮನುಷ್ಯನಿಗೆ ಹೊರಗಿನಿಂದ ಏನೂ ಜೋಡಿಸಬೇಕಿಲ್ಲ, ಬದಲಾವಣೆ ಒಳಗಿನದು. ಎರಡಕ್ಕೂ ಮನುಷ್ಯ ಸಾಲದು ಅನ್ನುವ ಅಸಮಾಧಾನ ಒಂದೇ. ನನಗೆ ತಮಾಷೆ ಅನ್ನಿಸುವುದು ಏನೆಂದರೆ, ಮಾತೃಮಂದಿರದಲ್ಲಿ ಕಂಪ್ಯೂಟರ್ ಇದೆ. ಆದರೆ ಅದನ್ನು ತಾರಸಿಗೆ ಹತ್ತಿಸಿ, ಕನ್ನಡಿ ತಿರುಗಿಸುವ ಕೆಲಸ ಮಾತ್ರ ಕೊಟ್ಟಿದ್ದಾರೆ. ಪ್ರವಚನಕ್ಕೆ ಕೂರಿಸಿಲ್ಲ.

ದೇವರ ಮೇಲೆ ನಂಬಿಕೆ ಇಲ್ಲದವರು ಹೋಗಬಹುದಾ?

ಹೋಗಬಹುದು. ಯಾರೂ ಏನೂ ಕೇಳುವುದಿಲ್ಲ. ಸುಮ್ಮನಿರಲು ಆಗಬೇಕು, ಅಷ್ಟೇ. ಕೆಮ್ಮು ಇದ್ದರೆ ಇನ್ನೊಂದು ದಿನ ಹೋಗಿ. ಆ ಕೋಣೆಯಲ್ಲಿ ಒಂದು ಕೆಮ್ಮು ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಅಂದರೆ ಕೆಮ್ಮಿದವರ ಪಾಡು ನೋಡಲಾಗದು.

ಕರ್ನಾಟಕದಿಂದ ಹೋಗುವುದು ಹೇಗೆ? ಒಳಗೆ ಬಿಡುತ್ತಾರಾ?

ಬೆಂಗಳೂರಿನಿಂದ ಪುದುಚೇರಿಗೆ ರಸ್ತೆಯಲ್ಲಿ 300 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಕೃಷ್ಣಗಿರಿ, ತಿರುವಣ್ಣಾಮಲೈ ಮೇಲೆ. ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ನವೆಂಬರಿನಿಂದ ಫೆಬ್ರವರಿ ಹವೆ ಹಿತ, ಮಳೆಯ ದಿನ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಬಿಸಿಲಿನ ಗೊಡವೆ ಬೇಡ.

ಸುಮ್ನೆ ಹೋದವರಿಗೆ ದೂರದ ಒಂದು ದಿಬ್ಬದಿಂದ ಗೋಳ ನೋಡಲು ಮಾತ್ರ ಬಿಡುತ್ತಾರೆ. ಅದಕ್ಕೂ ವಿಸಿಟರ್ಸ್ ಸೆಂಟರಿನಲ್ಲಿ ಉಚಿತ ಪಾಸ್ ಪಡೆದು, ಮರಗಳ ನಡುವೆ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು. ಒಳಕೋಣೆಗೆ ಮೊದಲೇ ಬುಕ್ ಮಾಡಬೇಕು. ದುಡ್ಡಿಲ್ಲ, ಆದರೆ ಜಾಗ ಬೇಗ ತುಂಬುತ್ತದೆ. ಬುಕಿಂಗ್ ನಿಯಮ, ವಾರದ ರಜೆ, ಮಕ್ಕಳ ವಯಸ್ಸಿನ ಮಿತಿ ಆಗಾಗ ಬದಲಾಗುತ್ತವೆ. ಹೊರಡುವ ಮೊದಲು ಮಾತೃಮಂದಿರದ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಬಸ್ಸಿನ ಟಿಕೆಟ್ ಮೊದಲು ಮಾಡಿ ಆಮೇಲೆ ಇದನ್ನು ನೋಡಬೇಡಿ.

ಒಳಗೆ ಫೋನ್, ಬ್ಯಾಗ್, ಕ್ಯಾಮೆರಾ ಬಿಡುವುದಿಲ್ಲ. ಎಲ್ಲವನ್ನೂ ಹೊರಗೇ ಇಟ್ಟು ಹೋಗಬೇಕು. ಒಂದೇ ದಿನ ಇದ್ದರೆ ಬೆಳಿಗ್ಗೆ ಒಳಕೋಣೆ ಮುಗಿಸಿ, ಆಲದ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನ ಬಾಡಿಗೆ ಸೈಕಲ್ಲಿನಲ್ಲಿ ಕಾಡಿನ ದಾರಿ ಹಿಡಿಯಿರಿ. ಹಳ್ಳಿಯ ಹೋಟೆಲಿನಲ್ಲಿ ಊಟ ಸಿಗುತ್ತದೆ. ನೀರಿನ ಬಾಟಲಿ ಜೊತೆಗಿರಲಿ.